ಹಂಗಿನ ನಾಡು, ಹಕ್ಕಿನ ನಾಡು

ಭಾರತದ ಭೂಪಟವನ್ನು ಬಿಡಿಸಿ ನೋಡುವ ವಿದ್ಯಾರ್ಥಿಗೆ ಅದರಲ್ಲಿ ಎರಡು ಬಗೆಯ ನಾಡುಗಳು ಕಾಣುತ್ತವೆ. ಒಂದು, ತನ್ನದೇ ಆದ ಮಂತ್ರಿಮಂಡಲ, ಶಾಸನಸಭೆ, ಬೊಕ್ಕಸಗಳನ್ನುಳ್ಳ ರಾಜ್ಯ. ಇನ್ನೊಂದು, ದೆಹಲಿಯಿಂದ ನೇಮಕಗೊಂಡು ಬಂದ ಆಡಳಿತಾಧಿಕಾರಿಯ ಮೂಲಕ ಆಳಿಸಿಕೊಳ್ಳುವ ಕೇಂದ್ರಾಡಳಿತ ಪ್ರದೇಶ. 2020ರ ಜನವರಿ 26ರಂದು ದಾದ್ರಾ ಮತ್ತು ನಗರ ಹವೇಲಿಯೊಡನೆ ದಮನ್ ಮತ್ತು ದಿಯು ಸೇರಿದ ತರುವಾಯ ರಾಜ್ಯಗಳು 28, ಕೇಂದ್ರಾಡಳಿತ ಪ್ರದೇಶಗಳು 8 ಎಂದು ಲೆಕ್ಕ. ಎರಡರಲ್ಲಿಯೂ ಬಾಳುವವರು ಒಂದೇ ದೇಶದ ಪ್ರಜೆಗಳು. ಆದರೂ ಮೊದಲನೆಯವರು ತಮ್ಮ ಮನೆಯ ಯಜಮಾನಿಕೆಯನ್ನು ತಾವೇ ನಡೆಸುವರು. ಎರಡನೆಯವರ ಮನೆಯ ಬೀಗದ ಕೈ ಪೂರ್ತಿಯಾಗಿಯೋ ಭಾಗಶಃವಾಗಿಯೋ ಪರರ ಕೈಯಲ್ಲಿದೆ.

ಹಂಗಿನಲ್ಲಿರುವ ನಾಡು ಹಕ್ಕಿನ ನಾಡಾಗುವುದು ಹೇಗೆ? ಯಾರು ಕೊಡಬೇಕು, ಯಾರು ಕೇಳಬೇಕು? ಎಷ್ಟು ಜನರಿದ್ದರೆ, ಎಷ್ಟು ಹಣವಿದ್ದರೆ ಸಾಕು? ದೊಡ್ಡಬಳ್ಳಾಪುರದ ನೇಕಾರನಿಗಾಗಲಿ ದೇವನಹಳ್ಳಿಯ ತೋಟಗಾರನಿಗಾಗಲಿ ಇದು ದೂರದ ಲಡಾಖಿನದೋ ಪುದುಚೇರಿಯದೋ ಮಾತೆಂದು ತೋರಬಹುದು. ಆದರೆ ವಿಚಾರಿಸಿ ನೋಡಿದರೆ ಇದು ನಮ್ಮ ಮನೆಯಂಗಳದಲ್ಲಿಯೇ ಎರಡು ಸಲ ನಡೆದ ಕಥೆ. ಒಮ್ಮೆ ಮೈಸೂರಿನಲ್ಲಿ ನಡೆಯಿತು. ಇನ್ನೊಮ್ಮೆ ಕೊಡಗಿನಲ್ಲಿ ನಡೆದು, ಬೇರೊಂದು ಬಗೆಯಲ್ಲಿ ಮುಗಿಯಿತು.

ಐವತ್ತು ವರ್ಷಗಳ ಪಾಲಕತ್ವ

1831ರ ಅಕ್ಟೋಬರ್ ತಿಂಗಳಲ್ಲಿ, ನಗರದ ರೈತರ ದಂಗೆಯನ್ನು ಕಾರಣವಾಗಿ ತೋರಿ, ಈಸ್ಟ್ ಇಂಡಿಯಾ ಕಂಪೆನಿಯು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತವನ್ನು ತೆಗೆದುಕೊಂಡಿತು. ಅರಮನೆ ಉಳಿಯಿತು, ಬಿರುದುಬಾವಲಿಗಳು ಉಳಿದವು. ಆಳುವ ಅಧಿಕಾರ ಮಾತ್ರ ಉಳಿಯಲಿಲ್ಲ. ಅಲ್ಲಿಂದ 1881ರವರೆಗೆ, ಐವತ್ತು ವರ್ಷಗಳ ಕಾಲ, ಗವರ್ನರ್ ಜನರಲನಿಗೆ ಉತ್ತರ ಕೊಡುವ ಕಮಿಷನರು ಈ ನಾಡನ್ನು ಆಳಿದರು. 1834ರಿಂದ 1861ರವರೆಗೆ ಮಾರ್ಕ್ ಕಬ್ಬನ್, ಆತನ ತರುವಾಯ ಲೆವಿನ್ ಬೌರಿಂಗ್. ಬೌರಿಂಗನ ಕಾಲದಲ್ಲಿ ಸಂಸ್ಥಾನವನ್ನು ಮೂರು ವಿಭಾಗಗಳಾಗಿ ಒಡೆದಾಗ, ಬೆಂಗಳೂರು, ಕೋಲಾರ, ತುಮಕೂರು ಜಿಲ್ಲೆಗಳು ನಂದಿದುರ್ಗದ ವಿಭಾಗಕ್ಕೆ ಸೇರಿದವು. ದೇವನಹಳ್ಳಿಯವನ ತಲೆಯೆತ್ತಿದರೆ ಕಾಣುವ ನಂದಿಬೆಟ್ಟವೇ ಆ ವಿಭಾಗಕ್ಕೆ ಹೆಸರಾಯಿತು. ಅದೇ ಬೆಟ್ಟದ ಮೇಲೆ ಕಬ್ಬನ್ ತನ್ನ ಬೇಸಗೆಯ ಬಂಗಲೆಯನ್ನು ಕಟ್ಟಿಸಿಕೊಂಡಿದ್ದನು.

ಆ ಆಡಳಿತ ಕೆಟ್ಟದಾಗಿತ್ತೆಂದು ಹೇಳಿದರೆ ಇತಿಹಾಸಕ್ಕೆ ಅಪಚಾರವಾದೀತು. ರಸ್ತೆಗಳಾದವು, ವಿದ್ಯಾ ಇಲಾಖೆ ಹುಟ್ಟಿತು, 1864ರಲ್ಲಿ ರೈಲು ಬೆಂಗಳೂರಿನ ದಂಡು ಪ್ರದೇಶವನ್ನು ಮುಟ್ಟಿತು, ಭೂಮಾಪನ ಮತ್ತು ಕಂದಾಯದ ನಿಗದಿ ಕ್ರಮಬದ್ಧವಾಗಿ ಆರಂಭವಾದವು. ಆದರೆ ಆ ಆಡಳಿತದಲ್ಲಿ ಒಂದು ಕೊರತೆ ಇದ್ದಿತು. ಕಮಿಷನರನು ತಪ್ಪು ಮಾಡಿದರೆ ಹೊಸಕೋಟೆಯ ರೈತನು ಯಾರನ್ನು ಕೇಳಬೇಕು? ಮೇಲಿನವನನ್ನು ಕೇಳಬೇಕು, ಆ ಮೇಲಿನವನು ಕಲ್ಕತ್ತೆಯಲ್ಲಿದ್ದನು. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಈ ಪ್ರಶ್ನೆ ಬರಿಯ ತರ್ಕವಾಗಿ ಉಳಿಯಲಿಲ್ಲ. 1871ರ ಜನಗಣತಿಯಲ್ಲಿ 50 ಲಕ್ಷದ 55 ಸಾವಿರವಿದ್ದ ಮೈಸೂರಿನ ಜನಸಂಖ್ಯೆ, 1881ರ ಗಣತಿಯಲ್ಲಿ 41 ಲಕ್ಷದ 86 ಸಾವಿರಕ್ಕೆ ಇಳಿದಿತ್ತು. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ನಾಡು ಎಂಟು ಲಕ್ಷಕ್ಕೂ ಮಿಕ್ಕಿ ಕುಗ್ಗಿತು. ಮಳೆ ಬಾರದುದು ಆಳುವವರ ತಪ್ಪಲ್ಲ, ನಿಜ. ಆದರೆ ಹಸಿದವನ ಮಾತು ಆಳುವವನ ಕಿವಿಗೆ ಎಷ್ಟು ಬೇಗ ಬೀಳುತ್ತದೆ ಎಂಬುದು ಆಡಳಿತದ ಸ್ವರೂಪಕ್ಕೆ ಸೇರಿದ ವಿಷಯ.

1881ರ ಮಾರ್ಚ್ 25ರಂದು ಚಾಮರಾಜೇಂದ್ರ ಒಡೆಯರಿಗೆ ಆಡಳಿತವನ್ನು ಹಿಂದಿರುಗಿಸಲಾಯಿತು. ಈ ಪುನರ್ದಾನ ಬೇಷರತ್ತಾದುದಲ್ಲ. ಕಂಪೆನಿಯ ಕಾಲದಿಂದ ಬಂದ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿಗಳ ವಾರ್ಷಿಕ ಪೊಗದಿಯನ್ನು ಮೂವತ್ತೈದು ಲಕ್ಷಕ್ಕೆ ಏರಿಸುವ ಷರತ್ತು ಅದರಲ್ಲಿತ್ತು. ಬೆಂಗಳೂರಿನ ದಂಡು ಪ್ರದೇಶವನ್ನು ರೆಸಿಡೆಂಟನ ವಶಕ್ಕೆ ಬಿಟ್ಟುಕೊಡಬೇಕಾಯಿತು. ಹೀಗಾಗಿ ಹೊಸಕೋಟೆಯಿಂದ ಗಾಡಿ ಹೂಡಿ ಬಂದ ರೈತನು ಹಲಸೂರನ್ನು ಹೊಕ್ಕಾಗ ಒಂದು ಆಡಳಿತದಿಂದ ಇನ್ನೊಂದು ಆಡಳಿತಕ್ಕೆ ಕಾಲಿಡುತ್ತಿದ್ದನು; ಪೇಟೆಯನ್ನು ತಲುಪುವಷ್ಟರಲ್ಲಿ ಮತ್ತೆ ಮಹಾರಾಜರ ಸೀಮೆ. ಈ ವಿಚಿತ್ರ 1947ರ ಜುಲೈ ತಿಂಗಳಲ್ಲಿ ದಂಡು ಪ್ರದೇಶ ಮೈಸೂರಿಗೆ ಮರಳಿದಾಗ ಕೊನೆಗೊಂಡಿತು. 1949ರಲ್ಲಿ ಎರಡು ಪುರಸಭೆಗಳೂ ಸೇರಿ ಒಂದೇ ಕಾರ್ಪೊರೇಷನ್ ಆಯಿತು.

ಆದರೂ 1881ರಲ್ಲಿ ಒಂದು ಹೊಸ ಬೀಜ ಬಿದ್ದಿತು. ದಿವಾನ ರಂಗಾಚಾರ್ಲು ಅದೇ ವರ್ಷದ ದಸರೆಯ ಕಾಲಕ್ಕೆ 144 ಜನ ರೈತರನ್ನೂ ವರ್ತಕರನ್ನೂ ಕರೆಸಿ ಪ್ರಜಾಪ್ರತಿನಿಧಿ ಸಭೆಯನ್ನು ನೆರೆಸಿದರು. ಆ ಸಭೆಗೆ ಶಾಸನ ಮಾಡುವ ಅಧಿಕಾರವಿರಲಿಲ್ಲ, ಆಯವ್ಯಯವನ್ನು ತಿರಸ್ಕರಿಸುವ ಅಧಿಕಾರವೂ ಇರಲಿಲ್ಲ. ಅದಕ್ಕೆ ಇದ್ದುದು ಬಾಯಿ ಒಂದೇ. ಐವತ್ತು ವರ್ಷ ಬಾಯಿಲ್ಲದೆ ಇದ್ದ ನಾಡಿಗೆ ಬಾಯಿ ಬಂದುದು ಸಣ್ಣ ಮಾತಲ್ಲ. ಆ ಬಾಯಿಯು ಹೊಣೆಗಾರ ಸರ್ಕಾರವಾಗಲು ಮತ್ತೆ ಅರವತ್ತಾರು ವರ್ಷಗಳು ಹಿಡಿದವು. ಮೈಸೂರು ಚಲೋ ಚಳವಳಿಯ ತರುವಾಯ, 1947ರ ಅಕ್ಟೋಬರಿನಲ್ಲಿ, ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂದಿತು.

ಇದರಿಂದ ನಾವು ಕಲಿಯಬೇಕಾದ ಮೊದಲನೆಯ ಪಾಠವಿದು: ಅಧಿಕಾರ ಹಿಂದಿರುಗಿ ಬರುವುದು ಒಂದು ಘಟನೆ; ಸ್ವಯಮಾಡಳಿತ ನೆಲೆಗೊಳ್ಳುವುದು ಒಂದು ದೀರ್ಘ ಪ್ರಯಾಣ.

ಬೆಂಗಳೂರಿನಿಂದ ಆಳಿದ ಕೊಡಗು

ಕೊಡಗಿನ ಕಥೆ ಮೈಸೂರಿನ ಕಥೆಯ ಪಕ್ಕದಲ್ಲಿಯೇ ಹುಟ್ಟಿತು. 1834ರಲ್ಲಿ ಕಂಪೆನಿಯು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ತನ್ನ ರಾಜ್ಯಕ್ಕೆ ಸೇರಿಸಿಕೊಂಡಿತು. ಮೈಸೂರು ಪಾಲಕತ್ವದಲ್ಲಿದ್ದ ನಾಡಾದರೆ, ಕೊಡಗು ನೇರವಾಗಿ ಬ್ರಿಟಿಷ್ ಪ್ರಾಂತ್ಯವೇ ಆಯಿತು. ಆದರೆ ಅದನ್ನು ನೋಡಿಕೊಳ್ಳಲು ಪ್ರತ್ಯೇಕ ಗವರ್ನರನು ಬರಲಿಲ್ಲ. ಮೈಸೂರಿನ ಕಮಿಷನರನೇ ಕೊಡಗಿಗೂ ಅಧಿಪತಿ; 1881ರ ಅನಂತರ ಮೈಸೂರಿನ ರೆಸಿಡೆಂಟನೇ ಕೊಡಗಿನ ಚೀಫ್ ಕಮಿಷನರು. ಅಂದರೆ ದೀರ್ಘಕಾಲ ಕೊಡಗಿನ ಆಡಳಿತದ ಸೂತ್ರ ಬೆಂಗಳೂರಿನಲ್ಲಿತ್ತು. 1956ರಲ್ಲಿ ಕೊಡಗು ಬೆಂಗಳೂರಿನ ಆಡಳಿತಕ್ಕೆ ‘ಹೊಸದಾಗಿ’ ಬಂದಿತೆಂದು ಭಾವಿಸುವವರು ಈ ಹಿನ್ನೆಲೆಯನ್ನು ಮರೆಯಬಾರದು.

1924ರಲ್ಲಿ ಕೊಡಗಿಗೆ ಒಂದು ಶಾಸನಸಭೆ ದೊರೆಯಿತು. ಅದರ 20 ಸದಸ್ಯರಲ್ಲಿ 15 ಮಂದಿ ಚುನಾಯಿತರು. ಸ್ವಾತಂತ್ರ್ಯ ಬಂದು, 1950ರ ಜನವರಿ 26ರಂದು ಸಂವಿಧಾನ ಜಾರಿಯಾದಾಗ, ಭಾರತದ ರಾಜ್ಯಗಳನ್ನು ಶಾಲೆಯ ಮಕ್ಕಳನ್ನು ತರಗತಿಗಳಲ್ಲಿ ಕೂರಿಸುವಂತೆ ‘ಎ’, ‘ಬಿ’, ‘ಸಿ’ ಎಂದು ವಿಂಗಡಿಸಲಾಯಿತು. ಹಳೆಯ ಗವರ್ನರರ ಪ್ರಾಂತ್ಯಗಳು ‘ಎ’ ಭಾಗಕ್ಕೆ, ಮೈಸೂರಿನಂಥ ದೊಡ್ಡ ಸಂಸ್ಥಾನಗಳು ರಾಜಪ್ರಮುಖರೊಡನೆ ‘ಬಿ’ ಭಾಗಕ್ಕೆ, ಚೀಫ್ ಕಮಿಷನರರ ಪ್ರಾಂತ್ಯಗಳೂ ಕೆಲವು ಚಿಕ್ಕ ಸಂಸ್ಥಾನಗಳೂ ‘ಸಿ’ ಭಾಗಕ್ಕೆ ಸೇರಿದವು. ಅಜ್ಮೀರ, ಭೋಪಾಲ, ಬಿಲಾಸಪುರ, ಕೊಡಗು, ದೆಹಲಿ, ಹಿಮಾಚಲ ಪ್ರದೇಶ, ಕಚ್ಛ, ಮಣಿಪುರ, ತ್ರಿಪುರ, ವಿಂಧ್ಯ ಪ್ರದೇಶ ಎಂಬ ಹತ್ತು ಈ ಕೊನೆಯ ಭಾಗದವು. ಹೆಸರಿಗೆ ಇವು ರಾಜ್ಯಗಳು. ಆಡಳಿತ ಮಾತ್ರ ರಾಷ್ಟ್ರಪತಿಯದು.

1951ರ ಶಾಸನವೊಂದು ಈ ಹತ್ತರಲ್ಲಿ ಆರಕ್ಕೆ ವಿಧಾನಸಭೆಯನ್ನೂ ಮಂತ್ರಿಮಂಡಲವನ್ನೂ ಕೊಟ್ಟಿತು. ಕೊಡಗಿಗೆ 24 ಸದಸ್ಯರ ವಿಧಾನಸಭೆ. 1952ರ ಚುನಾವಣೆಯಲ್ಲಿ ಮುಖ್ಯ ಪ್ರಶ್ನೆಯೇ ಕೊಡಗಿನ ಭವಿಷ್ಯವಾಗಿತ್ತು. ಮೈಸೂರಿನೊಡನೆ ವಿಲೀನವಾಗುವುದಕ್ಕೆ ಒಲವಿದ್ದ ಕಾಂಗ್ರೆಸ್ಸು ಒಂದು ಕಡೆ. ವಿಲೀನ ಬೇಡವೆಂದ, ಗಾಂಧೀವಾದಿ ಪಂದ್ಯಂಡ ಬೆಳ್ಳಿಯಪ್ಪನವರ ಮುಂದಾಳುತನದ ತಕ್ಕಡಿ ಪಕ್ಷ ಇನ್ನೊಂದು ಕಡೆ. ಕಾಂಗ್ರೆಸ್ಸಿಗೆ 15 ಸ್ಥಾನಗಳು, ಎದುರು ಪಕ್ಷಕ್ಕೆ 9. ಸಿ. ಎಂ. ಪೂಣಚ್ಚನವರು ಮುಖ್ಯಮಂತ್ರಿಗಳಾದರು.

ಮುಖ್ಯಮಂತ್ರಿ ಎಂಬ ಹೆಸರು ದೊಡ್ಡದು, ಅಧಿಕಾರ ಎಷ್ಟಿತ್ತು? ಮಂತ್ರಿಮಂಡಲದ ಸಭೆಯಲ್ಲಿ ಚೀಫ್ ಕಮಿಷನರು ಹಾಜರಿದ್ದರೆ ಅಧ್ಯಕ್ಷಪೀಠ ಅವರದೇ. ಮಂತ್ರಿಗಳಿಗೂ ಅವರಿಗೂ ಅಭಿಪ್ರಾಯಭೇದ ಬಂದರೆ ತೀರ್ಮಾನ ದೆಹಲಿಯದು. ವಿಧಾನಸಭೆಯು ಅಂಗೀಕರಿಸಿದ ಮಸೂದೆ ರಾಷ್ಟ್ರಪತಿಯ ಒಪ್ಪಿಗೆಯಿಲ್ಲದೆ ಶಾಸನವಾಗದು. ರಾಜ್ಯಸಭೆಯಲ್ಲಿಯಂತೂ ಒಂದು ಸೋಜಿಗವೇ ನಡೆದಿತ್ತು. ಮರುಭೂಮಿಯ ಅಂಚಿನ ಅಜ್ಮೀರಕ್ಕೂ ಕಾವೇರಿಯ ತವರಾದ ಕೊಡಗಿಗೂ ಸೇರಿ ಒಂದೇ ಒಂದು ಸ್ಥಾನ! ಅಣ್ಣತಮ್ಮಂದಿರಲ್ಲದವರಿಗೆ ಒಂದೇ ಎಲೆಯಲ್ಲಿ ಊಟ ಬಡಿಸಿದಂತಾಯಿತು ಅದು.

ಕವಲೊಡೆದ ದಾರಿ

1953ರ ಡಿಸೆಂಬರಿನಲ್ಲಿ ಭಾರತ ಸರ್ಕಾರವು ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಈ ಮೂವರ ರಾಜ್ಯ ಪುನರ್ವಿಂಗಡಣಾ ಆಯೋಗವನ್ನು ನೇಮಿಸಿತು. 1955ರ ಸೆಪ್ಟೆಂಬರಿನಲ್ಲಿ ಬಂದ ಅದರ ವರದಿಯು ‘ಸಿ’ ಭಾಗದ ರಾಜ್ಯಗಳ ವಿಷಯದಲ್ಲಿ ನಿಷ್ಠುರವಾಗಿತ್ತು. ಇಷ್ಟು ಚಿಕ್ಕ ಘಟಕಗಳು ತಮ್ಮ ಹಣದಿಂದ ತಮ್ಮ ಆಡಳಿತವನ್ನು ಹೊರಲಾರವು; ನೆರೆಯ ದೊಡ್ಡ ರಾಜ್ಯಗಳಲ್ಲಿ ಸೇರುವುದೇ ಅವುಗಳಿಗೆ ಹಿತವೆಂಬುದು ಆಯೋಗದ ಮತ. ಕೊಡಗು ಕರ್ನಾಟಕಕ್ಕೆ, ಹಿಮಾಚಲ ಪಂಜಾಬಕ್ಕೆ ಸೇರಬೇಕೆಂದು ಅದು ಸೂಚಿಸಿತು. ಹಿಮಾಚಲದ ವಿಷಯದಲ್ಲಿ ಅಧ್ಯಕ್ಷ ಫಜಲ್ ಅಲಿಯವರೇ ಭಿನ್ನಾಭಿಪ್ರಾಯ ಬರೆದು, ಅದನ್ನು ಪ್ರತ್ಯೇಕವಾಗಿ ಉಳಿಸಬೇಕೆಂದರು.

ಎರಡೂ ಬೆಟ್ಟದ ನಾಡುಗಳು, ಎರಡೂ ಒಂದೇ ವರ್ಗದವು. ಅವುಗಳ ದಾರಿ ಇಲ್ಲಿ ಕವಲೊಡೆಯಿತು. 1956ರ ನವೆಂಬರ್ 1ರಂದು ಕೊಡಗು ವಿಶಾಲ ಮೈಸೂರಿನ ಒಂದು ಜಿಲ್ಲೆಯಾಯಿತು. ಕೊಡಗಿನ ಕೊನೆಯ ಅರಸನನ್ನು ಕುರಿತ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಪ್ರಕಟವಾದುದೂ ಅದೇ ವರ್ಷ. ಒಂದು ಕಡೆ ಹಳೆಯ ರಾಜ್ಯದ ಅಳಿವಿನ ಕಥೆ ಓದುಗರ ಕೈಸೇರುತ್ತಿದ್ದಾಗ, ಇನ್ನೊಂದು ಕಡೆ ಹೊಸ ರಾಜ್ಯದ ಬಾಗಿಲು ತೆರೆಯುತ್ತಿತ್ತು. ಪೂಣಚ್ಚನವರು ಮುಂದೆ ಕೇಂದ್ರದ ರೈಲ್ವೆ ಮಂತ್ರಿಗಳೂ ಆದರು. ಅವರ ಕೊಡಗಿನಲ್ಲಿ ಮಾತ್ರ ಅಂದು ರೈಲುಹಳಿ ಇರಲಿಲ್ಲ.

ಹಿಮಾಚಲ ಬೇರೆ ದಾರಿ ಹಿಡಿಯಿತು. ಪಂಜಾಬದಲ್ಲಿ ಸೇರುವುದಕ್ಕಿಂತ ತನ್ನ ವಿಧಾನಸಭೆಯನ್ನೇ ಕಳೆದುಕೊಂಡು ಕೇಂದ್ರಾಡಳಿತ ಪ್ರದೇಶವಾಗಿ ಉಳಿಯುವುದು ಮೇಲೆಂದು ಅದು ಬಗೆಯಿತು. ಇದ್ದ ಮೆಟ್ಟಿಲಿನಿಂದ ಒಂದು ಮೆಟ್ಟಿಲು ಕೆಳಗಿಳಿದು ಕಾಯುವ ತಾಳ್ಮೆ ಅದು. 1963ರಲ್ಲಿ ಹೊಸ ಶಾಸನದ ಮೇರೆಗೆ ವಿಧಾನಸಭೆ ಮರಳಿ ಬಂದಿತು. ಯಶವಂತ ಸಿಂಗ್ ಪರ್ಮಾರರು ಮತ್ತೆ ಮುಖ್ಯಮಂತ್ರಿಗಳಾದರು. 1966ರ ನವೆಂಬರ್ 1ರಂದು ಪಂಜಾಬ ಒಡೆದಾಗ ಕಾಂಗಡಾ, ಕುಲ್ಲೂ, ಶಿಮ್ಲಾ, ಲಾಹೌಲ್-ಸ್ಪಿತಿ ಮೊದಲಾದ ಬೆಟ್ಟಸೀಮೆಗಳು ಅದಕ್ಕೆ ಸೇರಿದವು. ಕೊನೆಗೆ 1971ರ ಜನವರಿ 25ರಂದು, ಶಿಮ್ಲಾದಲ್ಲಿ ಹಿಮ ಸುರಿಯುತ್ತಿರುವಂತೆಯೇ, ಇಂದಿರಾ ಗಾಂಧಿಯವರು ಹಿಮಾಚಲ ಪ್ರದೇಶವನ್ನು ಒಕ್ಕೂಟದ ಹದಿನೆಂಟನೆಯ ರಾಜ್ಯವೆಂದು ಉದ್ಘಾಟಿಸಿದರು.

ಸಂವಿಧಾನದ ಬಾಗಿಲು

ಇನ್ನು ಈ ಬಾಗಿಲು ಯಾವುದು, ಅದನ್ನು ತೆರೆಯುವ ಕೈ ಯಾವುದು ಎಂಬುದನ್ನು ನೋಡೋಣ. ಸಂವಿಧಾನದ ಮೂರನೆಯ ಅನುಚ್ಛೇದವು ಹೊಸ ರಾಜ್ಯಗಳನ್ನು ರಚಿಸುವ, ಇದ್ದ ರಾಜ್ಯಗಳ ಎಲ್ಲೆ ಹೆಸರುಗಳನ್ನು ಬದಲಿಸುವ ಅಧಿಕಾರವನ್ನು ಪಾರ್ಲಿಮೆಂಟಿಗೆ ಕೊಟ್ಟಿದೆ. ರಾಷ್ಟ್ರಪತಿಯ ಶಿಫಾರಸಿಲ್ಲದೆ ಅಂಥ ಮಸೂದೆ ಮಂಡನೆಯಾಗದು. ರಾಜ್ಯವೊಂದರ ಎಲ್ಲೆಗೆ ಸಂಬಂಧಿಸಿದುದಾದರೆ ಆ ರಾಜ್ಯದ ವಿಧಾನಮಂಡಲದ ಅಭಿಪ್ರಾಯವನ್ನು ಕೇಳಬೇಕು. ಆದರೆ ಆ ಅಭಿಪ್ರಾಯಕ್ಕೆ ಪಾರ್ಲಿಮೆಂಟು ಕಟ್ಟುಬೀಳಬೇಕಾಗಿಲ್ಲ. ಕೇಂದ್ರಾಡಳಿತ ಪ್ರದೇಶದ ಮಟ್ಟಿಗೆ, 1966ರ ಹದಿನೆಂಟನೆಯ ತಿದ್ದುಪಡಿಯ ವಿವರಣೆಯಂತೆ, ಈ ಕೇಳುವ ಕಟ್ಟಳೆಯೂ ಇಲ್ಲ. ನಾಲ್ಕನೆಯ ಅನುಚ್ಛೇದದ ಪ್ರಕಾರ ಇಂಥ ಶಾಸನ ಸಂವಿಧಾನದ ತಿದ್ದುಪಡಿಯೆಂದು ಎಣಿಕೆಯಾಗುವುದಿಲ್ಲ. ಸಾಮಾನ್ಯ ಬಹುಮತ ಸಾಕು. ಹಾಗಾಗಿ ಒಂದು ಪ್ರದೇಶವನ್ನು ರಾಜ್ಯವಾಗಿಸುವುದು ಕಾನೂನಿನ ದೃಷ್ಟಿಯಿಂದ ಕಷ್ಟದ ಕೆಲಸವಲ್ಲ. ಕಷ್ಟವಿರುವುದು ಆ ಕಾನೂನನ್ನು ತರುವ ಮನಸ್ಸನ್ನು ಪಡೆಯುವುದರಲ್ಲಿ.

ರಾಜ್ಯವಾದ ಮೇಲೆ ಬದಲಾಗುವುದೇನು? ಕೇಂದ್ರಾಡಳಿತ ಪ್ರದೇಶದಲ್ಲಿ ರಾಜ್ಯಪಟ್ಟಿಯ ವಿಷಯಗಳ ಮೇಲೂ ಪಾರ್ಲಿಮೆಂಟು ಶಾಸನ ಮಾಡಬಲ್ಲುದು. ರಾಜ್ಯದಲ್ಲಿ, ಸಂವಿಧಾನವು ಹೇಳಿದ ವಿಶೇಷ ಸಂದರ್ಭಗಳನ್ನುಳಿದು, ಮಾಡಲಾಗದು. ಹಣಕಾಸು ಆಯೋಗದ ಮೂಲಕ ಕೇಂದ್ರ ತೆರಿಗೆಗಳಲ್ಲಿ ದೊರೆಯುವ ಪಾಲು ರಾಜ್ಯಗಳಿಗೆ ಮಾತ್ರ. ಪ್ರದೇಶಗಳಿಗೆ ದೊರೆಯುವುದು ಕೇಂದ್ರದ ಆಯವ್ಯಯದಿಂದ ಬರುವ ಅನುದಾನ. ಪಾಲಿಗೂ ಅನುದಾನಕ್ಕೂ ಇರುವ ಅಂತರ, ಮನೆಯ ಮಗನು ಕೇಳಿ ಪಡೆಯುವ ಆಸ್ತಿಗೂ ನೆಂಟನು ಬಂದಾಗ ಕೊಟ್ಟು ಕಳುಹಿಸುವ ಬುತ್ತಿಗೂ ಇರುವ ಅಂತರ. ಬುತ್ತಿ ಹೆಚ್ಚೂ ಇರಬಹುದು. ಆದರೆ ಅದು ಹಕ್ಕಲ್ಲ.

ಬೇರೆ ಒಕ್ಕೂಟಗಳಲ್ಲಿ ಈ ಏರಿಕೆಗೆ ಅಳತೆಗೋಲು ಇಟ್ಟುದುಂಟು. ಅಮೆರಿಕದ ಸಂಯುಕ್ತ ಸಂಸ್ಥಾನಗಳ 1787ರ ವಾಯವ್ಯ ಪ್ರದೇಶದ ಕಟ್ಟಳೆಯು, ಅಲ್ಲಿನ ಒಂದು ಭಾಗದಲ್ಲಿ ಅರವತ್ತು ಸಾವಿರ ಸ್ವತಂತ್ರ ನಿವಾಸಿಗಳಾದಾಗ ಅದು ಉಳಿದ ರಾಜ್ಯಗಳಿಗೆ ಸಮನಾಗಿ ಒಕ್ಕೂಟವನ್ನು ಸೇರಬಹುದೆಂದು ಗೊತ್ತುಪಡಿಸಿತು. ಅಲಾಸ್ಕ ಮತ್ತು ಹವಾಯಿ ಅಲ್ಲಿ ರಾಜ್ಯಗಳಾದುದು 1959ರಲ್ಲಿ. ಕೆನಡದಲ್ಲಿ ಆಲ್ಬರ್ಟ, ಸಸ್ಕಾಚೆವಾನ್ ಪ್ರಾಂತ್ಯಗಳು 1905ರಲ್ಲಿಯೇ ಹುಟ್ಟಿದರೂ, ತಮ್ಮ ನೆಲದ ನೈಸರ್ಗಿಕ ಸಂಪತ್ತಿನ ಒಡೆತನ ಅವುಗಳಿಗೆ ಬಂದುದು 1930ರಲ್ಲಿ. ನಮ್ಮ ಸಂವಿಧಾನದಲ್ಲಿ ಇಂತಿಷ್ಟು ಜನ, ಇಂತಿಷ್ಟು ನೆಲ ಎಂಬ ಅಳತೆಯೇ ಇಲ್ಲ. ಅದು ಒಳಿತೂ ಹೌದು, ಕೆಡುಕೂ ಹೌದು. ಅಳತೆಯಿಲ್ಲದ ಕಡೆ ಚಿಕ್ಕವನಿಗೂ ಆಸೆಯುಂಟು; ಆದರೆ ಅಳೆಯುವವನ ಇಷ್ಟವೇ ಅಳತೆಯಾಗುವ ಭಯವೂ ಉಂಟು.

ಏರಿದವರು, ನಿಂತವರು, ಇಳಿದವರು

ಹಿಮಾಚಲದ ಹಿಂದೆಯೇ, 1972ರ ಜನವರಿ 21ರಂದು, ಮಣಿಪುರ, ತ್ರಿಪುರಗಳು ಕೇಂದ್ರಾಡಳಿತದಿಂದ ಪೂರ್ಣ ರಾಜ್ಯಗಳಾದವು. ಮಿಜೋರಾಮ್ 1986ರ ಶಾಂತಿ ಒಪ್ಪಂದದ ತರುವಾಯ, ಅರುಣಾಚಲ ಪ್ರದೇಶದೊಡನೆ, 1987ರ ಫೆಬ್ರವರಿ 20ರಂದು ರಾಜ್ಯವಾಯಿತು. ಕಾರವಾರದ ನೆರೆಯ ಗೋವೆಯ ಕಥೆ ಕನ್ನಡಿಗರಿಗೆ ಇನ್ನೂ ಹತ್ತಿರದ್ದು. 1961ರ ಡಿಸೆಂಬರಿನಲ್ಲಿ ಪೋರ್ಚುಗೀಸರಿಂದ ಬಿಡುಗಡೆ ಪಡೆದ ಆ ನಾಡನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕೆ ಬೇಡವೆ ಎಂಬುದನ್ನು 1967ರ ಜನವರಿ 16ರಂದು ಜನರನ್ನೇ ಕೇಳಲಾಯಿತು. ಬೇಡವೆಂದವರ ಮತಗಳು ಬೇಕೆಂದವರ ಮತಗಳಿಗಿಂತ 34,021 ಹೆಚ್ಚಾಗಿದ್ದವು. ಇಪ್ಪತ್ತು ವರ್ಷ ಕಾದು, 1987ರ ಮೇ 30ರಂದು ಗೋವೆ ರಾಜ್ಯವಾಯಿತು. ದಮನ್, ದಿಯು ಹಿಂದುಳಿದವು.

ನಡುಮೆಟ್ಟಿಲಲ್ಲಿ ನಿಂತವೂ ಇವೆ. ಪುದುಚೇರಿಗೆ 1963ರಿಂದ ವಿಧಾನಸಭೆಯಿದೆ. ರಾಜ್ಯಪದವಿಯನ್ನು ಬೇಡಿ ಆ ಸಭೆಯು ಒಂದಕ್ಕಿಂತ ಹೆಚ್ಚು ಸಲ ನಿರ್ಣಯ ಮಾಡಿದೆ. ದೆಹಲಿಗೆ 1991ರ ಅರವತ್ತೊಂಬತ್ತನೆಯ ತಿದ್ದುಪಡಿಯು ವಿಧಾನಸಭೆಯನ್ನು ಕೊಟ್ಟಿತಾದರೂ ಸಾರ್ವಜನಿಕ ಶಾಂತಿ, ಪೊಲೀಸು, ಭೂಮಿ ಈ ಮೂರನ್ನು ಅದರ ಕೈಗೆ ಕೊಡಲಿಲ್ಲ. ಇನ್ನು ಮೆಟ್ಟಿಲು ಇಳಿದ ಕಥೆ: 2019ರ ಅಕ್ಟೋಬರ್ 31ರಂದು ಜಮ್ಮು ಮತ್ತು ಕಾಶ್ಮೀರ ರಾಜ್ಯವು ಎರಡು ಕೇಂದ್ರಾಡಳಿತ ಪ್ರದೇಶಗಳಾಯಿತು, ಅವುಗಳಲ್ಲಿ ಲಡಾಖಿಗೆ ವಿಧಾನಸಭೆಯನ್ನೂ ಕೊಡಲಿಲ್ಲ. ರಾಜ್ಯಪದವಿಯನ್ನು ಹಿಂದಿರುಗಿಸುವುದಾಗಿ ಕೇಂದ್ರವಿತ್ತ ಭರವಸೆಯನ್ನು ಸರ್ವೋಚ್ಚ ನ್ಯಾಯಾಲಯವು 2023ರ ಡಿಸೆಂಬರಿನ ತನ್ನ ತೀರ್ಪಿನಲ್ಲಿ ದಾಖಲಿಸಿತು. ಏರುವ ಏಣಿಯಲ್ಲಿ ಇಳಿಯಲೂ ಬಹುದೆಂಬುದಕ್ಕೆ ಇದು ನಿದರ್ಶನ.

ನಮ್ಮ ಕರಾವಳಿಯಿಂದಲೂ ಒಂದು ತುಣುಕು ಹೀಗೆಯೇ ಹೋಯಿತು. ಹಳೆಯ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಅಮೀನದೀವಿ ದ್ವೀಪಗಳು 1956ರಲ್ಲಿ ಲಕ್ಷದ್ವೀಪ, ಮಿನಿಕಾಯ್‍ಗಳೊಡನೆ ಕೂಡಿ ಕೇಂದ್ರಾಡಳಿತಕ್ಕೆ ಒಳಗಾದವು. ಅದೇ ದಿನ ಕಾಸರಗೋಡು ಕೇರಳಕ್ಕೆ ಹೋಯಿತು, ಕೊಳ್ಳೇಗಾಲ ಮೈಸೂರಿಗೆ ಬಂದಿತು. ಕೊಡುಕೊಳೆಯ ಆ ನವೆಂಬರ್ 1ರಂದು ನಗುವೂ ಇತ್ತು, ನಿಟ್ಟುಸಿರೂ ಇತ್ತು.

ಕೊಡಗು ಕಳೆದುಕೊಂಡಿತೆ?

ಇಲ್ಲಿ ಒಂದು ಪ್ರಶ್ನೆಯನ್ನು ನೇರವಾಗಿ ಎದುರಿಸಬೇಕು. ಕೊಡಗೂ ಹಿಮಾಚಲದಂತೆ ಕಾದಿದ್ದರೆ ರಾಜ್ಯವಾಗುತ್ತಿತ್ತೆ? ಚಿಕ್ಕದೆಂಬುದೊಂದೇ ಅದಕ್ಕೆ ಅಡ್ಡಿಯಾಗುತ್ತಿತ್ತೆಂದು ಹೇಳಲಾಗದು. 1951ರಲ್ಲಿ ಕೊಡಗಿನ ಜನಸಂಖ್ಯೆ 2 ಲಕ್ಷದ 29 ಸಾವಿರ. 1975ರಲ್ಲಿ ಪೂರ್ಣ ರಾಜ್ಯವಾದ ಸಿಕ್ಕಿಮಿನ ಜನಸಂಖ್ಯೆ, 1971ರ ಗಣತಿಯಂತೆ, ಅದಕ್ಕಿಂತಲೂ ಕಡಮೆ. 2 ಲಕ್ಷದ 10 ಸಾವಿರದ ಒಳಗೆ. ಹಾಗಾದರೆ ಭೇದವೆಲ್ಲಿ? ಸಿಕ್ಕಿಮ್ ಗಡಿಯ ನಾಡು, ತನ್ನದೇ ಅರಸೊತ್ತಿಗೆಯಿಂದ ಬಂದ ನಾಡು. ಹಿಮಾಚಲಕ್ಕೆ ಸುತ್ತಲಿನ ಬೆಟ್ಟಸೀಮೆಗಳು ಬಂದು ಸೇರಿ ಅದು ಬೆಳೆಯಿತು. ಕೊಡಗಾದರೋ ಮೂರು ಕಡೆ ಕನ್ನಡ ನಾಡಿನಿಂದ ಸುತ್ತುವರಿಯಲ್ಪಟ್ಟುದು. ಮನೆಗಳಲ್ಲಿ ಕೊಡವ ತಕ್ಕು, ಅರೆಭಾಷೆ ಮೊದಲಾದ ನುಡಿಗಳಿದ್ದರೂ ಶಾಲೆ ಕಚೇರಿಗಳಲ್ಲಿ ಕನ್ನಡ ನೆಲೆಗೊಂಡಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ವಿವೇಕವೂ, ಏಕೀಕರಣದ ಉತ್ಸಾಹವೂ ಅಂದಿನ ಬಹುಮತವನ್ನು ವಿಲೀನದ ಕಡೆ ಒಲಿಸಿದುವು. ಆದುದರಿಂದ ಕೊಡಗನ್ನು ಯಾರೋ ಕಸಿದುಕೊಂಡರೆಂಬ ಮಾತು ಪೂರ್ತಿ ನಿಜವಲ್ಲ.

ಆದರೆ ಅದು ಏನನ್ನೂ ತೆರಲಿಲ್ಲವೆಂಬ ಮಾತೂ ನಿಜವಲ್ಲ. 24 ಪ್ರತಿನಿಧಿಗಳ ಸಭೆಯಿದ್ದ ನಾಡಿಗೆ ದೊಡ್ಡ ರಾಜ್ಯದ ಸಭೆಯಲ್ಲಿ ಬೆರಳೆಣಿಕೆಯ ಸ್ಥಾನಗಳು. 2008ರ ಕ್ಷೇತ್ರ ಮರುವಿಂಗಡಣೆಯ ತರುವಾಯ ಮಡಿಕೇರಿ, ವಿರಾಜಪೇಟೆ ಎಂಬ ಎರಡೇ. ಬೆಂಗಳೂರು ಗ್ರಾಮಾಂತರದ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕು ತಾಲ್ಲೂಕುಗಳಿಗೆ ತಾಲ್ಲೂಕಿಗೊಂದರಂತೆ ನಾಲ್ಕು ಸ್ಥಾನಗಳಿರುವಾಗ, ಒಂದು ಕಾಲದ ರಾಜ್ಯಕ್ಕೆ ಎರಡು. ಲೋಕಸಭೆಯ ಸ್ವಂತ ಸ್ಥಾನವೂ ಹೋಗಿ, ನೆರೆಯವರೊಡನೆ ಹಂಚಿಕೊಂಡ ಸ್ಥಾನ ಬಂದಿತು. ಜನಸಂಖ್ಯೆಯ ಲೆಕ್ಕದಲ್ಲಿ ಇದು ನ್ಯಾಯವೇ. ಆದರೆ ಕಾವೇರಿ ಹುಟ್ಟುವ ನಾಡಿನ ಕಾಡು, ಗದ್ದೆ, ಮಳೆ, ಭೂಕುಸಿತಗಳ ಅಳಲನ್ನು ತಲೆಗಳ ಎಣಿಕೆಯಿಂದ ಅಳೆಯಲಾಗದು. ಪ್ರತ್ಯೇಕತೆಯ ಕೂಗು ಅಲ್ಲಿ ಆಗಾಗ ಏಳುವುದನ್ನು ಕೇವಲ ಹಟವೆಂದು ತಳ್ಳಿಹಾಕುವವರು, ಅದರ ಹಿಂದಿನ ದೂರನ್ನು ಕೇಳಿಸಿಕೊಂಡಿಲ್ಲವೆಂದೇ ಅರ್ಥ. ದೊಡ್ಡ ಕುಟುಂಬದಲ್ಲಿ ಸೇರಿದವನನ್ನು ಉಳಿಸಿಕೊಳ್ಳುವ ಹೊಣೆ ದೊಡ್ಡವನದು.

ಈ ಮಾತು ನಮ್ಮ ಜಿಲ್ಲೆಗೂ ಸಲ್ಲುತ್ತದೆ. 1986ರಲ್ಲಿ ಬೆಂಗಳೂರು ಜಿಲ್ಲೆಯನ್ನು ಒಡೆದು ಗ್ರಾಮಾಂತರವನ್ನು ಮಾಡಿದರು. 2007ರಲ್ಲಿ ಅದರಿಂದ ರಾಮನಗರವನ್ನು ಬೇರ್ಪಡಿಸಿದರು. ಇವಕ್ಕೆ ಪಾರ್ಲಿಮೆಂಟು ಬೇಕಾಗಲಿಲ್ಲ. ರಾಜ್ಯ ಸರ್ಕಾರದ ಆಜ್ಞೆ ಸಾಕಾಯಿತು. ರಾಜ್ಯಕ್ಕೆ ಸಂವಿಧಾನದಲ್ಲಿ ಸ್ಥಾನವಿದೆ. ಜಿಲ್ಲೆಯ ಎಲ್ಲೆಗೆ ಅಂಥ ರಕ್ಷಣೆಯಿಲ್ಲ. ಎಪ್ಪತ್ತಮೂರನೆಯ ತಿದ್ದುಪಡಿಯು 1993ರಿಂದ ಪಂಚಾಯತಿಗಳಿಗೆ ಸಂವಿಧಾನದ ನೆಲೆ ಕೊಟ್ಟಿತೇನೋ ಹೌದು. ಆದರೆ ಅವಕ್ಕೆ ಯಾವ ಅಧಿಕಾರ, ಎಷ್ಟು ಹಣ ಎಂಬುದು ಬಹುಮಟ್ಟಿಗೆ ರಾಜ್ಯದ ಚಿತ್ತ. ದೆಹಲಿಯ ಮುಂದೆ ಹಕ್ಕನ್ನು ಕೇಳುವ ರಾಜ್ಯವು ದೊಡ್ಡಬಳ್ಳಾಪುರದ ಮುಂದೆ ದೆಹಲಿಯಂತೆ ನಡೆದುಕೊಂಡರೆ, ಪಡೆದ ಹಕ್ಕಿಗೆ ಅರ್ಥವೇನು ಉಳಿಯಿತು? ರಾಜಧಾನಿಗೆ ಹತ್ತಿರವಿರುವ ನೆಲಕ್ಕೆ ಈ ಪ್ರಶ್ನೆ ಇನ್ನೂ ಹರಿತವಾದುದು. ದೇವನಹಳ್ಳಿಯ ಬಯಲಿನಲ್ಲಿ 2008ರಲ್ಲಿ ವಿಮಾನ ನಿಲ್ದಾಣ ತೆರೆಯಿತು. ದೇಶದೇಶದವರು ಅಲ್ಲಿ ಬಂದಿಳಿಯುತ್ತಾರೆ. ಆ ನೆಲದ ಬೆಲೆ, ಬಳಕೆ, ಕೆರೆಗಳ ಅಳಿವು ಉಳಿವು ಇವುಗಳನ್ನು ತೀರ್ಮಾನಿಸುವಾಗ ಅಲ್ಲಿನ ಪಂಚಾಯತಿಯ ಮಾತಿಗೆ ಎಷ್ಟು ತೂಕ?

ಮೇಲಿನ ಉದಾಹರಣೆಗಳನ್ನೆಲ್ಲ ಒಟ್ಟಿಗೆ ನೋಡಿದರೆ, ಪ್ರದೇಶವು ರಾಜ್ಯವಾಗಲು ಮೂರು ಸಂಗತಿಗಳು ಕೂಡಬೇಕೆಂದು ತೋರುತ್ತದೆ. ಜನರ ಇಚ್ಛೆ ಸ್ಪಷ್ಟವಾಗಿರಬೇಕು. ಗೋವೆ ಅದನ್ನು ಮತಪೆಟ್ಟಿಗೆಯಲ್ಲಿ ತೋರಿಸಿತು. ಕಾಯುವ ತಾಳ್ಮೆ ಬೇಕು. ಹಿಮಾಚಲ ಹದಿನಾಲ್ಕು ವರ್ಷ ಕಾಯಿತು. ದೇಶದ ಹಿತವೂ ನಾಡಿನ ಹಿತವೂ ಒಂದೇ ದಿಕ್ಕಿನಲ್ಲಿ ಹರಿಯುವ ಗಳಿಗೆ ಒದಗಬೇಕು. ಮಿಜೋರಾಮಿಗೆ ಅದು ಶಾಂತಿಯ ರೂಪದಲ್ಲಿ ಒದಗಿತು. ಹಣ, ಜನ, ವಿಸ್ತಾರ ಇವು ವಾದಕ್ಕೆ ಬರುವ ಸಾಕ್ಷಿಗಳು. ತೀರ್ಪು ಕೊಡುವುದು ಅವಲ್ಲ.

ಮನೆ ಕಟ್ಟಿ ನೋಡು ಎನ್ನುತ್ತಾರೆ ನಮ್ಮ ಹಿರಿಯರು. ಕಟ್ಟುವ ಕಷ್ಟ ಒಂದು ಬಗೆಯದಾದರೆ, ಕಟ್ಟಿದ ಮನೆಯಲ್ಲಿ ಎಲ್ಲರಿಗೂ ಜಗುಲಿಯಲ್ಲಿ ಜಾಗ ಕೊಡುವ ಕಷ್ಟ ಇನ್ನೊಂದು ಬಗೆಯದು. 1881ರಲ್ಲಿ 144 ಜನ ರೈತ ವರ್ತಕರಿಗೆ ಮೈಸೂರು ಕೊಟ್ಟುದು ಆ ಜಗುಲಿಯ ಜಾಗ. ಮಡಿಕೇರಿಗೂ ನೆಲಮಂಗಲಕ್ಕೂ ಅಂಥ ಜಾಗ ಎಷ್ಟು ಉಳಿದಿದೆ ಎಂಬುದನ್ನು ಪ್ರತಿ ನವೆಂಬರ್ 1ರಂದು ಒಮ್ಮೆ ಅಳೆದು ನೋಡಿಕೊಂಡರೆ, ರಾಜ್ಯೋತ್ಸವದ ಬಾವುಟಕ್ಕೆ ಗಾಳಿಯೊಡನೆ ಗೌರವವೂ ದೊರೆತೀತು.